ಚಿತ್ರವಿಲ್ಲದ ವರ

ನಮ್ಮ ಹಿತ್ತಲಿನ ಅಲಸಂದೆ ಚಪ್ಪರಕ್ಕೆ ಹಳೆಯ ಸಿ.ಡಿ.ಗಳನ್ನು ದಾರ ಕಟ್ಟಿ ತೂಗುಬಿಟ್ಟಿದ್ದೇನೆ. ಗಾಳಿಗೆ ತಿರುಗಿ ಫಳಫಳ ಹೊಳೆದರೆ ಮಂಗಗಳು ಹೆದರಿ ಹತ್ತಿರ ಸುಳಿಯುವುದಿಲ್ಲ ಎಂದು ಯಾರೋ ಪುಣ್ಯಾತ್ಮರು ಹೇಳಿದ್ದರು. ಮಂಗಗಳು ಬಂದವು. ಸಿ.ಡಿ.ಯನ್ನು ಹಿಡಿದು ಅದರಲ್ಲಿ ತಮ್ಮ ಹಲ್ಲು ನೋಡಿಕೊಂಡವು. ಆಮೇಲೆ ಸಾವಕಾಶವಾಗಿ ಅಲಸಂದೆ ತಿಂದು ಹೋದವು. ನನಗೇನೂ ಆಶ್ಚರ್ಯವಾಗಲಿಲ್ಲ. ಮನುಷ್ಯರು ಆ ದುಂಡು ತಟ್ಟೆಯನ್ನು ಮುತ್ತಿನಂತೆ ಜೋಪಾನ ಮಾಡುತ್ತಿದ್ದ ಕಾಲದಲ್ಲೂ ಅದರಿಂದ ಆದ ಪ್ರಯೋಜನ ಹೆಚ್ಚುಕಡಿಮೆ ಇಷ್ಟೇ.

ಆ ಕಾಲ ಯಾವುದು ಎಂದು ನೀವು ಕೇಳಿದರೆ ಇಸವಿ ಹೇಳಲಾರೆ. ನಮ್ಮ ಕಡೆ ಮೊಬೈಲ್ ಬಂದಿತ್ತು, ಸಿಗ್ನಲ್ ಬಂದಿರಲಿಲ್ಲ. ಮೊಬೈಲ್ ಕೊಂಡವರು ಬೆಳಗಾದರೆ ಗುಡ್ಡದ ತುದಿಗೆ ಹೋಗಿ ಒಂದು ಕೈ ಎತ್ತಿ ನಿಲ್ಲುತ್ತಿದ್ದರು. ಕಾಫಿಯ ರೇಟು ಬಿದ್ದು ಎದ್ದು ಮತ್ತೆ ಬಿದ್ದು ಸುಸ್ತಾಗಿದ್ದ ಜನ ಮನೆಯ ಒಂದು ಕೋಣೆಗೆ ಸುಣ್ಣ ಬಳಿದು, ಬಕೆಟ್ಟು ಇಟ್ಟು, ಹೋಂಸ್ಟೇ ಎಂದು ಬೋರ್ಡು ಹಾಕತೊಡಗಿದ್ದರು. ಆಗ ನನ್ನ ತವರು ಬಣಕಲ್ಲಿನಲ್ಲಿತ್ತು, ಬಸ್ಸುಗಳು ಹಾರ್ನು ಹೊಡೆಯುತ್ತ ಹೋಗುವ ರಸ್ತೆಯ ಪಕ್ಕಕ್ಕೇ. ಅಪ್ಪ ಒಂದು ದೊಡ್ಡ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ ಬರೆದು ಬರೆದು, ಯಾರು ಎಷ್ಟು ಹೊತ್ತಿಗೆ ಬಂದರು ಎಂಬುದನ್ನು ನಿವೃತ್ತರಾದ ಮೇಲೂ ಮನೆಮಂದಿಯ ವಿಷಯದಲ್ಲಿ ಗಮನಿಸುತ್ತಿದ್ದರು. ನಾನು ಅಲ್ಲೇ ಒಂದು ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ. ನನ್ನ ಮದುವೆಯ ವಯಸ್ಸು ಮೀರುತ್ತಿದೆ ಎಂದು ಊರು ಒಮ್ಮತದಿಂದ ತೀರ್ಮಾನಿಸಿತ್ತು. ಬಂದ ವರಗಳನ್ನೆಲ್ಲ ನಾನು ಏನಾದರೊಂದು ಹೇಳಿ ಓಡಿಸಿದ್ದೆ. ಒಬ್ಬನಂತೂ ನನ್ನನ್ನು ನೋಡಲು ಬಂದು ನಮ್ಮ ಗೋಡೆಯ ಕನ್ನಡಿಯಲ್ಲಿ ತಲೆ ಬಾಚಿಕೊಂಡು ಹೋಗಿದ್ದ. ಬಾಚಣಿಗೆಯೂ ನಮ್ಮದೇ. ಹೀಗೆ ಹೇಳಿದರೆ ‘ಹುಡುಗಿಯ ನಾಲಗೆ ಉದ್ದ’ ಎನ್ನುತ್ತಿದ್ದರು. ಇದ್ದದ್ದು ಎಲ್ಲರಷ್ಟೇ ಉದ್ದ, ಬಳಸಿದ್ದು ಸ್ವಲ್ಪ ಹೆಚ್ಚು.

ಇಂಥ ಹೊತ್ತಿನಲ್ಲಿ ಕಳಸದ ಕಡೆಯಿಂದ ಒಂದು ಸಂಬಂಧ ಬಂತು. ವರನ ಬದಲು ಸಿ.ಡಿ. ಬಂತು ಎನ್ನುವುದು ಸರಿ. ಮಧ್ಯಸ್ಥರಾಗಿದ್ದ ಅಪ್ಪನ ಹಳೆಯ ಗೆಳೆಯರು ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಕೊಟ್ಟು, ಈಗ ಎಲ್ಲ ಹೀಗೇ, ಮೊದಲು ಇದನ್ನು ನೋಡುವುದು, ಒಪ್ಪಿಗೆಯಾದರೆ ಹುಡುಗ ಬರುವುದು, ಸುಮ್ಮನೆ ಎರಡೂ ಕಡೆ ಉಪ್ಪಿಟ್ಟು ದಂಡವಾಗುವುದಿಲ್ಲ ಎಂದು ವಿವರಿಸಿದರು. ಹುಡುಗನ ಹೆಸರು ಸತೀಶ. ಪ್ಲಾಂಟರ್. ಅವನ ದೊಡ್ಡಪ್ಪನ ಮಗ ಮಹೇಶ ಎಂಬವನು ಹೋಂಸ್ಟೇ ನಡೆಸುತ್ತಿದ್ದು, ಪ್ರವಾಸಿಗರಿಗೆ ಕೊಡಲು ಸಿ.ಡಿ. ಮಾಡುವುದನ್ನು ಕಲಿತಿದ್ದ. ಅದೇ ಕೈಯಲ್ಲಿ ತಮ್ಮನಿಗೂ ಒಂದು ಮಾಡಿದ್ದ. ಮೇಲಿನ ಕಾಗದದಲ್ಲಿ ಮಂಜು ಮುಸುಕಿದ ಗುಡ್ಡ, ಕಾಫಿ ಹೂವು, ನಡುವೆ ಇಂಗ್ಲಿಷಿನಲ್ಲಿ ‘ಸ್ವಾಗತ’. ವರನನ್ನು ನೋಡಬೇಕೋ ಎರಡು ರಾತ್ರಿ ತಂಗಬೇಕೋ ತಿಳಿಯುವಂತಿರಲಿಲ್ಲ. ಇದೂ ತಪ್ಪಿದರೆ ಇನ್ನು ನಾನು ಯಾರ ಮನೆಯ ಬಾಗಿಲಿಗೂ ಹೋಗುವುದಿಲ್ಲ ಎಂದು ಅಪ್ಪ ನನ್ನ ಕಡೆ ನೋಡದೆ ಹೇಳಿದರು. ನೋಡಿ ಹೇಳಿದ್ದರೆ ನಾನು ಜಗಳ ಆಡುತ್ತಿದ್ದೆ. ನೋಡದೆ ಹೇಳಿದ್ದರಿಂದ ಸುಮ್ಮನಾದೆ.

ಮನೆಯಲ್ಲಿದ್ದ ವಿ.ಸಿ.ಡಿ. ಪ್ಲೇಯರಿಗೆ ಸಿ.ಡಿ. ಹಾಕಿದೆವು. ಅದು ಬಾಯಿ ತೆರೆದು ನುಂಗಿ, ಒಳಗೆ ಗರಗರ ಎಂದು, ಡಿಸ್ಕೇ ಇಲ್ಲ ಎಂದು ಬರೆದು ತೋರಿಸಿತು. ಇದು ಕಂಪ್ಯೂಟರಿನಲ್ಲಿ ನೋಡುವ ಜಾತಿಯದಂತೆ. ಬಣಕಲ್ಲಿನಲ್ಲಿ ನಮಗೆ ಗುರುತಿನವರ ಕಂಪ್ಯೂಟರ್ ಇರಲಿಲ್ಲ. ಮೂಡಿಗೆರೆಯ ಇಂಟರ್ನೆಟ್ ಅಂಗಡಿಗೆ ಹೋಗೋಣ ಎಂದರೆ ಅಮ್ಮ ಒಪ್ಪಲಿಲ್ಲ. ಹೆಣ್ಣುಮಗಳ ವರನನ್ನು ಊರ ಪೋಲಿಗಳ ಪಕ್ಕ ಕೂತು ನೋಡುವುದೇ ಎಂದರು. ಹಾಗಾಗಿ ಉಳಿದ ಗತಿ ಒಂದೇ, ಚಂದ್ರಣ್ಣ ಭಾವ.

ಭಾವ ಎಂದರೆ ನನ್ನ ಅಕ್ಕ ಶೋಭಳ ಗಂಡ. ಮೂಡಿಗೆರೆಯಲ್ಲಿ ಪಂಪ್‌ಸೆಟ್ಟು, ಸ್ಪ್ರಿಂಕ್ಲರು, ಅವುಗಳ ಬಿಡಿಭಾಗ ಮಾರುವ ಅಂಗಡಿಯನ್ನು ಮನೆಯ ಮುಂದಿನ ಕೋಣೆಯಲ್ಲೇ ಇಟ್ಟಿದ್ದರು. ಬಿಲ್ಲು ಮಾಡಲೆಂದು ಕಂಪ್ಯೂಟರ್ ತಂದು, ಅಂದಿನಿಂದ ಬಿಲ್ಲು ಬಿಟ್ಟು ಉಳಿದೆಲ್ಲವನ್ನೂ ಅದರಲ್ಲಿ ಮಾಡುತ್ತಿದ್ದರು. ಅವರನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದರೆ ಟಿ.ವಿ.ಯ ಆ್ಯಂಟೆನಾ ಕಾಲಕ್ಕೆ ಹೋಗಬೇಕು. ನಾನು ಚಿಕ್ಕವಳಿದ್ದಾಗ ಬಣಕಲ್ಲಿನಲ್ಲಿ ಟಿ.ವಿ. ಇದ್ದ ಪ್ರತಿ ಮನೆಯಲ್ಲೂ ಒಬ್ಬ ಗಂಡಸು ಮಾಡಿನ ಮೇಲಿರುತ್ತಿದ್ದ. ಕೆಳಗಿನವರಿಗೆ ಚಿತ್ರ ಚೆನ್ನಾಗಿಯೇ ಕಾಣುತ್ತಿರುತ್ತಿತ್ತು. ಇನ್ನೂ ಚೆನ್ನಾಗಿ ಕಾಣಿಸುತ್ತೇನೆ ಎಂದು ಅವನು ತಿರುಗಿಸುತ್ತಿದ್ದ. ಬಂತಾ ಎಂದು ಅವನು, ಹೋಯ್ತು ಎಂದು ಇವರು. ಕಾರ್ಯಕ್ರಮ ಮುಗಿದು ದೇಶಕ್ಕೆಲ್ಲ ಶುಭರಾತ್ರಿ ಹೇಳಿದ ಮೇಲೆ ಅವನು ಇಳಿದು ಬಂದು, ನಾಳೆ ನೋಡಿ, ಗಾಜಿನ ಹಾಗೆ ಬರುತ್ತದೆ ಎನ್ನುತ್ತಿದ್ದ. ಪ್ರತಿ ಕಾಲದಲ್ಲೂ ಜನ ಏನನ್ನಾದರೂ ನೋಡದಂತೆ ತಡೆಯುವುದಕ್ಕೆ ಇಂಥ ಒಬ್ಬ ಸಮರ್ಥ ಬೇಕು. ನಮ್ಮ ಕುಟುಂಬಕ್ಕೆ ಆ ಸೇವೆಯನ್ನು ಭಾವ ಉಚಿತವಾಗಿ ಸಲ್ಲಿಸುತ್ತಿದ್ದರು.

ಆಗಿನ ಕಂಪ್ಯೂಟರುಗಳಲ್ಲೆಲ್ಲ ಕಿಟಕಿಯ ಗುರುತಿನ ಆಪರೇಟಿಂಗ್ ಸಿಸ್ಟಮ್ ಇರುತ್ತಿತ್ತು. ಭಾವನದರಲ್ಲೂ ಇತ್ತು. ಎರಡು ಸಲ ವೈರಸ್ ಹೊಕ್ಕು ಎಲ್ಲ ಅಳಿಸಿಹೋದ ಮೇಲೆ ಅವರು ರೊಚ್ಚಿಗೆದ್ದು ಕಿಟಕಿಯನ್ನು ಕಿತ್ತುಹಾಕಿ, ಒಂದು ಪತ್ರಿಕೆಯ ಜೊತೆ ಪುಕ್ಕಟೆ ಬಂದಿದ್ದ ಪೆಂಗ್ವಿನ್ ಹಕ್ಕಿಯ ಗುರುತಿನ ಸಿಸ್ಟಮನ್ನು ಹಾಕಿಕೊಂಡಿದ್ದರು. ಅಲ್ಲಿಂದ ಮುಂದೆ ಅವರ ಮಾತಿನ ಧಾಟಿಯೇ ಬದಲಾಯಿತು. ವಾಷರ್ ಕೊಳ್ಳಲು ಬಂದವರಿಗೂ ಸ್ವಾತಂತ್ರ್ಯದ ಮೇಲೆ ಉಪನ್ಯಾಸ. ಕಿಟಕಿಯವರು ಗುಲಾಮರು, ಹಕ್ಕಿಯವರು ಮುಕ್ತರು. ಆ ಹಕ್ಕಿಗೆ ಹಾರಲು ಬರುವುದಿಲ್ಲ ಎಂದು ನಾನು ಒಮ್ಮೆ ನೆನಪಿಸಿದ್ದೆ. ಆ ದಿನ ಅವರು ನನಗೆ ಕಾಫಿ ಕೊಡಲು ಅಕ್ಕನಿಗೆ ಹೇಳಲಿಲ್ಲ.

ಹೀಗೆ ಒಂದು ಭಾನುವಾರ ಅಪ್ಪ, ಅಮ್ಮ, ನಾನು ಒಳ್ಳೆಯ ಬಟ್ಟೆ ಉಟ್ಟು ಬಸ್ಸು ಹತ್ತಿ ಮೂಡಿಗೆರೆಗೆ ಹೋದೆವು. ಸಿ.ಡಿ.ಯನ್ನು ನೋಡಲು ನನಗೆ ರೇಷ್ಮೆ ಸೀರೆ ಉಡಿಸಿದ್ದರು. ಸಿ.ಡಿ.ಯೂ ನನ್ನನ್ನು ನೋಡುತ್ತದೆ ಎಂದು ಅಮ್ಮನಿಗೆ ಅನ್ನಿಸಿರಬೇಕು. ಅಕ್ಕ ಕಡುಬು ಬೇಯಿಸಿದ್ದಳು. ಕಂಪ್ಯೂಟರಿನ ಮುಂದೆ ಕುರ್ಚಿ ಸಾಲಾಗಿ ಇಟ್ಟಿತ್ತು. ಭಾವ ಸಿ.ಡಿ.ಯನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ ಒಳಗೆ ತಳ್ಳಿದರು.

ಏನೂ ಆಗಲಿಲ್ಲ. ಕಿಟಕಿಯಲ್ಲಾದರೆ ಅದು ತಾನಾಗಿಯೇ ಶುರುವಾಗುತ್ತದೆ, ಹಕ್ಕಿ ಹಾಗಲ್ಲ, ಯಜಮಾನನ ಅಪ್ಪಣೆ ಕೇಳುತ್ತದೆ ಎಂದು ಭಾವ ಹೆಮ್ಮೆಯಿಂದ ಹೇಳಿ ಅಪ್ಪಣೆ ಕೊಟ್ಟರು. ಹಕ್ಕಿ ಅಪ್ಪಣೆಯನ್ನು ಕೇಳಿಸಿಕೊಂಡು, ಇದು ನನಗೆ ಗೊತ್ತಿಲ್ಲದ ವಸ್ತು ಎಂದಿತು. ಸಿ.ಡಿ.ಯ ಕವರಿನ ಹಿಂಬದಿಯಲ್ಲಿ, ಇದು ಕಿಟಕಿಯಲ್ಲಿ ಮಾತ್ರ ನಡೆಯುತ್ತದೆ ಎಂದು ಇರುವೆಯಷ್ಟು ಸಣ್ಣ ಅಕ್ಷರದಲ್ಲಿತ್ತು. ಅಪ್ಪ ಕನ್ನಡಕ ಏರಿಸಿ ಅದನ್ನು ಓದಿ ಹೇಳಿದರು. ಅದು ವ್ಯಾಪಾರಿಗಳ ಕುತಂತ್ರ ಎಂದು ಭಾವ ತಳ್ಳಿಹಾಕಿದರು.

ಆಮೇಲೆ ನಡೆದದ್ದನ್ನು ನಾನು ನೋಡಿದಂತೆ ಹೇಳುತ್ತೇನೆ, ತಾಂತ್ರಿಕ ತಪ್ಪಿದ್ದರೆ ತಿಳಿದವರು ಕ್ಷಮಿಸಬೇಕು, ತಿಳಿದವರಿಂದಲೇ ಇಷ್ಟೆಲ್ಲ ಆದದ್ದು. ಹಕ್ಕಿಗೆ ಕಿಟಕಿಯ ವೇಷ ಹಾಕಿಸುವ ಒಂದು ಉಪಾಯವಿತ್ತು. ವೇಷ ಹಾಕಿಸಿದರು. ಪರದೆಯ ಮೇಲೆ ಒಂದು ಚೌಕ ಮೂಡಿತು, ಅದರೊಳಗೆ ಅಕ್ಷರದ ಬದಲು ಸಾಲುಸಾಲು ಪುಟ್ಟ ಡಬ್ಬಿಗಳು. ಇದೇ ಪ್ಲೇ ಇರಬೇಕು ಎಂದು ಒಂದು ಡಬ್ಬಿಯನ್ನು ಒತ್ತಿದರು. ಎಲ್ಲ ಮುಚ್ಚಿಹೋಯಿತು. ಮತ್ತೆ ವೇಷ, ಮತ್ತೆ ಡಬ್ಬಿ, ಮತ್ತೆ ಕತ್ತಲೆ. ಆಮೇಲೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಏನೇನೋ ಟೈಪು ಮಾಡತೊಡಗಿದರು. ಅಳಿಯ ಚಂದ್ರು, ಹುಡುಗನ ಮನೆಯವರಿಗೆ ಕಾಗದ ಬರೆಯುತ್ತಿದ್ದಾನಾ ಎಂದು ಅಮ್ಮ ಮೆಲ್ಲಗೆ ನನ್ನನ್ನು ಕೇಳಿದರು.

ಚಿತ್ರಕ್ಕೆ ಬೇಕಾದ ಕೊಡೆಕ್ ಎಂಬುದೊಂದು ಇಲ್ಲವಂತೆ, ಅದು ಇಂಟರ್ನೆಟ್ಟಿನಲ್ಲಿ ಸಿಗುತ್ತದಂತೆ. ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲಿ ಕೀರಲು ದನಿ ಮಾಡುತ್ತ ಬರುತ್ತಿದ್ದ ದಿನಗಳವು. ಅರ್ಧ ಇಳಿಯುವಷ್ಟರಲ್ಲಿ ತಂತಿ ಕಡಿದುಕೊಂಡಿತು. ಮರುಕ್ಷಣ ಫೋನ್ ಬಡಿದುಕೊಂಡಿತು. ಆಲ್ದೂರಿನಿಂದ ಯಾರೋ, ಇಷ್ಟು ಹೊತ್ತು ನಿಮ್ಮ ಲೈನು ಯಾಕೆ ಎಂಗೇಜು, ನನ್ನ ಪಂಪಿನ ಫುಟ್‌ವಾಲ್ವ್ ಬಂತಾ ಎಂದು ಕೇಳಿದರು. ಭಾವ ಅವರನ್ನು ಬೈದು ಮತ್ತೆ ಮೊದಲಿನಿಂದ ಶುರು ಮಾಡಿದರು. ನಾವು ಕಡುಬು ತಿಂದೆವು. ಅಪ್ಪ ಕೂತಲ್ಲೇ ತೂಕಡಿಸಿದರು. ರೇಷ್ಮೆ ಸೀರೆಯಲ್ಲಿ ನನ್ನ ಬೆನ್ನು ತುರಿಸತೊಡಗಿತು. ಕೊಡೆಕ್ ಇಳಿಯಿತು. ಹಾಕಿದ್ದಾಯಿತು. ಅದು ಹಕ್ಕಿಯ ಹಳೆಯ ಆವೃತ್ತಿಗೆ ಮಾತ್ರ ಹೊಂದುವಂಥದ್ದಂತೆ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕಳಸಕ್ಕೆ ನಡೆದು ಹೋಗಿದ್ದರೂ ಇಷ್ಟು ಹೊತ್ತಿಗೆ ಹುಡುಗನನ್ನು ನೋಡಬಹುದಿತ್ತು ಎಂದಳು. ನಮ್ಮ ವಂಶದಲ್ಲಿ ನಾಲಗೆ ನನಗೊಬ್ಬಳಿಗೇ ಅಲ್ಲ.

ಭಾವನ ಕಿವಿ ಕೆಂಪಾಗಿತ್ತು. ಮುಂಬಾಗಿಲಿನಿಂದ ಬಿಡದಿದ್ದರೆ ಹಿಂಬಾಗಿಲಿದೆ ಎಂದು ಅವರು ಸಿ.ಡಿ.ಯೊಳಗಿನ ಫೋಲ್ಡರುಗಳನ್ನು ಒಂದೊಂದಾಗಿ ತೆರೆಯತೊಡಗಿದರು. ಒಳಗೊಳಗೆ ಎಲ್ಲೋ ಒಂದು ಮೂಲೆಯಲ್ಲಿ ಕೆಲವು ತುಣುಕುಗಳು ಸಿಕ್ಕವು. ಮಹೇಶ ಸಿನಿಮಾ ಕತ್ತರಿಸಿ ಹೊಲಿದ ಮೇಲೆ ಉಳಿದ ಚಿಂದಿಗಳನ್ನು ತೆಗೆಯುವುದು ಮರೆತು ಜೊತೆಗೇ ಸಿ.ಡಿ.ಗೆ ತುಂಬಿ ಕಳಿಸಿದ್ದ. ಕಿಟಕಿಯಲ್ಲಿ ನೋಡುವವರಿಗೆ ಅವು ಕಾಣುವ ಪ್ರಶ್ನೆಯೇ ಇರಲಿಲ್ಲ. ಭಾವ ಒಂದನ್ನು ಒತ್ತಿದರು. ಪರದೆ ಕಪ್ಪಾಗಿಯೇ ಇತ್ತು. ಆದರೆ ನಾಯಿಯೊಂದು ಬೊಗಳಿದ್ದು ಸ್ಪಷ್ಟವಾಗಿ ಕೇಳಿಸಿತು. ಅಪ್ಪ ಎಚ್ಚರಗೊಂಡರು. ಭಾವ ಎರಡೂ ಕೈ ಅಗಲಿಸಿ, ಸೌಂಡ್ ಬಂತಲ್ಲ ಎಂದು ನಮ್ಮ ಕಡೆ ತಿರುಗಿದರು.

ಕತ್ತಲೆ ಪರದೆಯ ಮುಂದೆ ಐದು ಜನ ಕಿವಿ ನಿಮಿರಿಸಿ ಕೂತೆವು. ಮೊದಲು ಮಹೇಶನ ದನಿ.

“ಸತೀಶ, ಜೀಪಿಗೆ ಒರಗಿ ನಿಲ್ಲು. ಬಂಗ್ಲೆ ಬೋರ್ಡಲ್ಲಿ ಧಣಿಗಳ ಹೆಸ್ರು ಕಾಣ್ತದೆ, ಯಾರಾದ್ರೂ ಒಂದು ಕಂಬಳಿ ಮುಚ್ಚಿ.”

ಆಮೇಲೆ ಇನ್ನೊಂದು ದನಿ. ಸ್ವಲ್ಪ ತಗ್ಗಿದ್ದು, ಗಂಟಲಲ್ಲೇ ಅರ್ಧ ಉಳಿಯುವಂಥದ್ದು.

“ಅಣ್ಣ, ಇದು ಬೇಡ. ಬಂಗ್ಲೆ ಅವ್ರದ್ದು, ಜೀಪು ನಿಂದು. ನಾನು ಗಿಡ ಮಾರೋನು. ಪ್ಲಾಂಟರ್ ಅಂತ ಹೇಳಿದ್ರೆ ನಮ್ಮನೆ ನಾಯಿನೂ ನಂಬೂದಿಲ್ಲ.”

“ನಾಯಿಗೆ ತೋರ್ಸೂಕೆ ಮಾಡ್ತಾ ಇರೋದಲ್ಲ ಮಾರಾಯ. ನಿಂತ್ಕೋ.”

“ನಾಳೆ ಆ ಹುಡ್ಗಿ ಬಂದು ನೋಡಿದ್ರೆ ನಾನೆಂತ ಹೇಳ್ಲಿ?”

“ಮದ್ವೆ ಆದ್ಮೇಲೆ ಬಂದು ನೋಡಿದ್ರೆ ಎಂತ ಹೇಳೂದೂ ಬೇಡ.”

ಸ್ವಲ್ಪ ಹೊತ್ತು ಗಾಳಿಯ ಸದ್ದು. ಚಪ್ಪಲಿಯ ಸದ್ದು. ನಾಯಿಯನ್ನು ಯಾರೋ ಎಳೆದುಕೊಂಡು ಹೋದರು. ಆಮೇಲೆ ಅದೇ ತಗ್ಗಿದ ದನಿ, ಶಾಲೆಯಲ್ಲಿ ಪದ್ಯ ಒಪ್ಪಿಸುವ ಹುಡುಗರ ರಾಗದಲ್ಲಿ, “ಐ ಆಮ್ ಸತೀಶ್. ಐ ಆಮ್ ಎ ಪ್ಲಾಂಟರ್” ಎಂದು ಹೇಳಿತು. ಸರಿಯಾಗಲಿಲ್ಲವೆಂದು ಮಹೇಶ ಮತ್ತೆ ಹೇಳಿಸಿದ. ಮತ್ತೆ ಹೇಳಿತು. ತುಣುಕು ಮುಗಿಯಿತು.

ಚಿತ್ರ ಬಂದಿದ್ದರೆ ನಾವು ಏನು ಮಾಡುತ್ತಿದ್ದೆವು ಎಂದು ನನಗೆ ಚೆನ್ನಾಗಿ ಗೊತ್ತು. ಬಂಗಲೆಯ ಕಂಬಗಳನ್ನು ನೋಡುತ್ತಿದ್ದೆವು. ಹುಡುಗನ ಬಣ್ಣ, ಎತ್ತರ, ಕೂದಲು ಇದೆಯೇ, ಇದ್ದರೆ ಎಷ್ಟು ದಿನ ಇದ್ದೀತು. ಒಂದು ಕಿವಿಯಲ್ಲೂ ಮಾತು ಬೀಳುತ್ತಿರಲಿಲ್ಲ. ಅಪ್ಪ ಎದ್ದು ಶಾಲು ಹೆಗಲಿಗೆ ಹಾಕಿಕೊಂಡು, ಹೋಗೋಣ ಎಂದರು, ಬಸ್ಸಿಗೆ ಹೊತ್ತಾಗುತ್ತದೆ ಎಂದರು. ಭಾವ ಮಾತ್ರ, ಇನ್ನೊಂದು ವಾರ ಕೊಡಿ ಮಾವ, ಚಿತ್ರ ತರಿಸಿಯೇ ತೀರುತ್ತೇನೆ ಎಂದು ಬೇಡಿಕೊಳ್ಳುತ್ತಿದ್ದರು. ಒಳಗೆ ಏನು ಕೇಳಿತು ಎಂಬುದು ಅವರ ತಲೆಗೇ ಹೋಗಿರಲಿಲ್ಲ. ಕೇಳಿತು ಎಂಬುದಷ್ಟೇ ಅವರಿಗೆ ಸಾಕಾಗಿತ್ತು.

ಬಸ್ಸಿನಲ್ಲಿ ಅಪ್ಪನ ಸಿಟ್ಟು ಹೊರಬಂತು. ಸುಳ್ಳರ ಮನೆ ಎಂದರು. ಬೇರೆಯವರ ಬೋರ್ಡಿಗೆ ಕಂಬಳಿ ಹೊದಿಸುವವರು ನಾಳೆ ನಮ್ಮ ತಲೆಗೂ ಹೊದಿಸುತ್ತಾರೆ ಎಂದರು. ನನ್ನ ವಿಷಯದಲ್ಲಿ ಹೀಗಾಯಿತಲ್ಲ ಎಂಬ ಅವಮಾನ ಅವರಿಗೆ ಸಿಟ್ಟಿಗಿಂತ ಹೆಚ್ಚಾಗಿತ್ತೆಂದು ಕಾಣುತ್ತದೆ, ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಬೇರೆ ದಿನವಾಗಿದ್ದರೆ ನಾನೇ ಅವರಿಗಿಂತ ಮುಂದೆ ಹೋಗಿ ಕಳಸದವರನ್ನು ಹರಿದು ಹಂಚುತ್ತಿದ್ದೆ. ಆದರೆ ‘ನಾನೆಂತ ಹೇಳ್ಲಿ’ ಎಂದು ಆ ದನಿ ಕೇಳಿದ್ದು ನನ್ನ ಬಗ್ಗೆ. ಬಂದ ವರಗಳಲ್ಲಿ ಒಬ್ಬನಾದರೂ ನನಗೆ ಏನು ಹೇಳಬೇಕಾದೀತು ಎಂದು ಚಿಂತೆ ಮಾಡಿದ್ದನ್ನು ನಾನು ಕೇಳಿರಲಿಲ್ಲ. ಹಾಗೆಂದು ನನಗೆ ಕರಗಿಹೋಗುವ ಅಭ್ಯಾಸವೂ ಇಲ್ಲ. ಬೇಡ ಎಂದವನೂ ಅವನೇ, ನಿಂತು ಹೇಳಿದವನೂ ಅವನೇ. ಈ ಇಬ್ಬರಲ್ಲಿ ಯಾವನು ಮನೆಗೆ ಬರುತ್ತಾನೆ ಎಂದು ತಿಳಿಯದೆ ತೀರ್ಮಾನ ಹೇಗೆ ಮಾಡುವುದು?

ಆ ಹುಡುಗನನ್ನು ಒಂದು ಸಲ ಕರೆಸಿ ಎಂದು ನಾನು ಮನೆಗೆ ಬಂದ ಮೇಲೆ ಹೇಳಿದೆ. ಇಷ್ಟು ವರ್ಷ ವರಗಳನ್ನು ಓಡಿಸಿದವಳು ಈಗ ಒಬ್ಬನನ್ನು ಬಾ ಎನ್ನುತ್ತಿರುವುದು ನೋಡಿ ಅಪ್ಪ ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಓಡಿಸುವುದಕ್ಕೇ ಕರೆಸುತ್ತಿದ್ದೀಯಾ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅದು ನಿಜವೂ ಆಗಿತ್ತು. ಕಡೆಗೆ ಅಮ್ಮ, ಉಪ್ಪಿಟ್ಟಿನ ರವೆ ಏನೂ ಹಾಳಾಗುವುದಿಲ್ಲ, ಬರಲಿ ಎಂದರು. ಅಪ್ಪ ಮಧ್ಯಸ್ಥರಿಗೆ ಹೇಳಿ ಕಳಿಸಿದರು. ಅದರ ಜೊತೆಗೆ ನನ್ನ ಷರತ್ತೂ ಹೋಯಿತು. ಜೀಪು ಬೇಡ, ಮಹೇಶನೂ ಬೇಡ.

ಈ ನಡುವೆ ಭಾವನಿಂದ ಫೋನು ಬಂತು. ಚಿತ್ರ ಬಂದಿದೆ, ಆದರೆ ತಲೆಕೆಳಗಾಗಿ ಬರುತ್ತಿದೆ, ಮುಖ ಹಸಿರಾಗಿದೆ, ಮಾತು ಮಾತ್ರ ಹೋಗಿದೆ ಎಂದರು. ಮಾನಿಟರನ್ನೇ ತಿರುಗಿಸಿಟ್ಟು ನೋಡಿ ಎಂದು ಹೇಳಿದೆ. ಅವರು ಅದನ್ನು ಪ್ರಯತ್ನಿಸಿದರು ಎಂದು ಅಕ್ಕ ಆಮೇಲೆ ಹೇಳಿದಳು.

ಸತೀಶ ತನ್ನ ತಾಯಿಯ ಜೊತೆ ಕಳಸದ ಬಸ್ಸಿನಲ್ಲಿ ಬಂದ. ಮುಖ ಹಸಿರಾಗಿರಲಿಲ್ಲ. ಅವನ ತಾಯಿಯದು ಸ್ವಲ್ಪ ಹಾಗಿತ್ತು, ತಿರುವಿನ ರಸ್ತೆಯಲ್ಲಿ ಹೊಟ್ಟೆ ತೊಳಸಿ ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತ ಬಂದಿದ್ದರು. ಜಗಲಿಯಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತರು. ಅಪ್ಪ ಸಭ್ಯಸ್ಥರು, ರಸ್ತೆ ಹೇಗಿದೆ, ಮೆಣಸು ಹೇಗಿದೆ ಎಂದೆಲ್ಲ ಕೇಳಿದರು. ಬಂಗಲೆಯ ಮಾತು ಎತ್ತಲಿಲ್ಲ. ಅವನೂ ಎತ್ತಲಿಲ್ಲ. ಬೆರಳಿನ ಸಂದಿಯಲ್ಲಿ ನರ್ಸರಿಯ ಮಣ್ಣು ತೊಳೆದರೂ ಹೋಗದೆ ಉಳಿದಿತ್ತು, ಅದನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಿದ್ದ. ನಾನು ಕಾಫಿಯ ತಟ್ಟೆ ಕೆಳಗಿಟ್ಟು, ಒಳಗೆ ಹೋಗುವ ಬದಲು ಅಲ್ಲೇ ನಿಂತೆ.

“ಬೇಡ ಅಂದ್ರಲ್ಲ, ಮತ್ತೆ ಯಾಕೆ ನಿಂತು ಹೇಳಿದ್ರಿ?” ಎಂದು ಕೇಳಿದೆ.

ಅವನಿಗೆ ಅರ್ಥವಾಗಲಿಲ್ಲ. ಉಳಿದ ಚಿಂದಿಯೆಲ್ಲ ಸಿ.ಡಿ.ಯಲ್ಲಿತ್ತು, ನಾವು ಐವರೂ ಕೂತು ಕೇಳಿದೆವು ಎಂದು ವಿವರಿಸಬೇಕಾಯಿತು. ಕಂಬಳಿಯ ಮಾತು ಬಂದಾಗ ಅವನ ಕಿವಿಯಿಂದ ಕತ್ತಿನವರೆಗೆ ಬಣ್ಣ ಏರಿತು. ಎದ್ದು ಹೋಗುತ್ತಾನೆ ಎಂದುಕೊಂಡೆ. ಏನು ಸಮಜಾಯಿಷಿ ಕೊಟ್ಟರೂ ಹೊಡೆದು ಕೆಡವಲು ನನ್ನ ಹತ್ತಿರ ಮಾತು ತಯಾರಿತ್ತು. ಅಣ್ಣನ ಬಲವಂತ ಎಂದರೆ ಒಂದು, ಎಲ್ಲರೂ ಹಾಗೇ ಮಾಡುತ್ತಾರೆ ಎಂದರೆ ಇನ್ನೊಂದು. ಬಸ್ಸು ಬರುವ ಮೊದಲಿನಿಂದ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡಿದ್ದೆ.

ಅವನು ಅಪ್ಪನ ಕಡೆ ನೋಡಲಿಲ್ಲ, ನನ್ನ ಕಡೆಯೇ ನೋಡಿ ಹೇಳಿದ. “ಒಂದು ಸಲ ಹೇಳ್ದೆ. ಅಣ್ಣ ಕೇಳ್ಲಿಲ್ಲ. ಎರಡನೇ ಸಲ ಹೇಳೂಕೆ ನಂಗೆ ಬರೂದಿಲ್ಲ. ಚಿಕ್ಕಂದಿಂದ್ಲೂ ಹಾಗೇ.”

ನಾನು ತಯಾರು ಮಾಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ಅಪ್ಪ ಕೆಮ್ಮಿದರು. ಬಾಗಿಲ ಹಿಂದೆ ಅಮ್ಮನ ಬಳೆಯ ಸದ್ದು ನಿಂತಿತು. ನನ್ನ ನಾಲಗೆ ಎಷ್ಟೋ ವರ್ಷ ಬರೀ ಜನರನ್ನು ಓಡಿಸುವ ಕೆಲಸ ಮಾಡಿತ್ತು. ಅದಕ್ಕೆ ಬೇರೆ ಕೆಲಸವೂ ಇರಬಹುದು ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

“ಎರಡನೇ ಸಲ ನಾನು ಹೇಳ್ತೇನೆ ಬಿಡಿ,” ಎಂದೆ.

ಅವನ ತಾಯಿ ಕಣ್ಣು ತೆರೆದರು. ನಿಂಬೆಹಣ್ಣನ್ನು ಮೂಗಿನಿಂದ ದೂರ ಹಿಡಿದು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಸರಿಯಾಗಿ ನೋಡಿದರು.

“ಮೂರನೇದ್ದು ನಂಗಿರ್ಲಿ,” ಎಂದರು.

ಮದುವೆಯ ದಿನ ಮಹೇಶಣ್ಣ ಹೆಗಲಿಗೊಂದು ಕ್ಯಾಮೆರಾ, ಕೈಗೊಂದು ದೊಡ್ಡ ಲೈಟು ಹಿಡಿದುಕೊಂಡು ಮಂಟಪಕ್ಕೇ ಬಂದುಬಿಟ್ಟ. ಬೇಡ ಅಣ್ಣ ಎಂದು ಮೊದಲು ಇವರು ಹೇಳಿದರು. ಆಮೇಲೆ ನಾನು ಹೇಳಿದೆ. ಆಮೇಲೆ ಅತ್ತೆ ಹೇಳಿದರು. ನಮ್ಮ ಮದುವೆಯ ವಿಡಿಯೊ ಇಲ್ಲ.